ನಾಯಿ ಬಿಚ್ಚಿದವರಾರು

ಪ್ಯಾರ್ನು ಊರಿನ ಕೋರ್ಟು ಕಳಿಸಿದ ಕಾಗದದಲ್ಲಿ
ಚೌಕ ಎರಡೇ:
ಬುದ್ಧಿ ಸ್ತಿಮಿತದಲ್ಲಿತ್ತು. ಇರಲಿಲ್ಲ.
ಒಂದಕ್ಕೆ ಗೀಟು ಹಾಕಿ ನಾನು ಸಹಿ ಮಾಡಬೇಕು.

ಎದುರಿಗೆ ಉರ್ಮಾಸ್,
ಸ್ವೆಟರಿನ ತೋಳಿಂದ ಎಳೆ ಕೀಳುತ್ತ.
ದೋಣಿಮನೆ ಸುಡು ಅಂದಿತಂತೆ ದನಿ
ಮೂರು ವಾರ, ಹಗಲೂ ಇರುಳೂ,
ನಲ್ಲಿಯೊಳಗಿಂದ, ಮೀನಿನ ಡಬ್ಬಿಯೊಳಗಿಂದ.
ಸುಳ್ಳಲ್ಲ. ಸುಳ್ಳು ನನಗೆ ಗೊತ್ತು.
ಹುಚ್ಚು ನಟಿಸುವವರ ಕಿವಿಯ ದನಿಗಳು
ಒಂದು ದಿನವೂ ವ್ಯಾಕರಣ ತಪ್ಪುವುದಿಲ್ಲ;
ಇವನದು ತೊದಲುತ್ತದೆ, ನಡುವೆ ಕೆಮ್ಮುತ್ತದೆ.

ಒಳಗೆ ಕಾವಲಿನ ಹೈನೋ ಮಲಗಿದ್ದ.
ಹೊರಗೆ ಅವನ ನಾಯಿ.

“ಡಾಕ್ಟರೇ, ಸುಡು ಅಂದದ್ದು ಅದು.
ನಾಯಿ ಬಿಚ್ಚು ಅಂತ ಯಾರೂ ಹೇಳಲಿಲ್ಲ.
ಹಗ್ಗ ಹಿಮಕ್ಕೆ ಸೆಟೆದಿತ್ತು,
ಹಲ್ಲಲ್ಲಿ ಕಚ್ಚಿ ಗಂಟು ಸಡಿಲಿಸಿದೆ.
ಬಿಚ್ಚಿದ್ದು ನಾನಾದರೆ
ಕಡ್ಡಿ ಗೀರಿದ್ದು ಇನ್ಯಾರು?”

ಬಾಯಿ ಮುಚ್ಚು, ಎಂದು ಕಣ್ಣಲ್ಲೇ ಗದರಿದಳು ವಕೀಲೆ.
ಅವನಿಗಾಗಿ ಬಾಗಿಲು ತೆರೆದಿಟ್ಟಿದ್ದಾಳೆ ಆಕೆ;
ಇವನೋ ಹೊಸ್ತಿಲಲ್ಲಿ ಕೂತುಬಿಟ್ಟಿದ್ದಾನೆ,
ಒಳಗೂ ಬಾರ, ಹೊರಗೂ ಹೋಗ.

ಮಾಡಿದ್ದುಣ್ಣು ಅನ್ನುವುದು ಸುಲಭ,
ಮಾಡಿದವ ಯಾರೆಂದು ಗೊತ್ತಿದ್ದರೆ.
ರೋಗ ಮಾಡಿಸಿತು ಅನ್ನುವುದೂ ಸುಲಭವೇ,
ಆ ಹಗ್ಗ, ಆ ಹಲ್ಲು ಇಲ್ಲದಿದ್ದರೆ.
ನಾಯಿಗೆ ಸಿಕ್ಕ ಅರೆಗಳಿಗೆ
ಹೈನೋನಿಗೆ ಯಾಕೆ ಸಿಗಲಿಲ್ಲ ಎಂದು ಕೇಳಬೇಕಿತ್ತು.
ಕೇಳಲಿಲ್ಲ ನಾನು.

ಪಡಸಾಲೆಯ ಬೆಂಚಿನಲ್ಲಿ ಹೈನೋನ ಹೆಂಡತಿ ಲಿಂಡಾ,
ಕಾಲ ಬಳಿ ಅದೇ ನಾಯಿ.
ಉರ್ಮಾಸನನ್ನು ಕರೆದೊಯ್ಯುವಾಗ
ಬಾಲ ಆಡಿಸಿತು.
ಅವಳು ಹಗ್ಗ ಎಳೆದುಕೊಂಡಳು, ಮೆಲ್ಲಗೆ.

ಚೌಕಗಳು ಹಾಗೇ ಇವೆ.
ಪೆನ್ನಿನ ಮುಚ್ಚಳ ಇನ್ನೂ ನನ್ನ ಹಲ್ಲಿನ ನಡುವೆ.