ಕಣ್ಣಿನ ಖರ್ಚು

ಊರಿನ ಹೆಸರು ಬಾಯಾರು.
ಪದವಿನ ಮುರಕಲ್ಲಿನಡಿ ನೀರು ಅಡಗಿ ಕೂತಾಗಲೂ ಬಾಯಾರು.
ಮಲಗಿಸಿದ ಬಾವಿಯ ಹಾಗೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ
ಸುರಂಗ ಕೊರೆಯುವ ಕುಂಞಿಕಣ್ಣ
ಬುಧವಾರ ಮೂರನೇ ಪಿರಿಯಡ್ಡಿನಲ್ಲಿ ಬಾಗಿಲಿಗೆ ಬಂದ,
ಕೈಯಲ್ಲಿ ಹಾರ್ಲಿಕ್ಸ್ ಬಾಟ್ಲಿ.
"ಟೀಚರೇ, ನಲವತ್ತೆರಡನೇ ಕೋಲಿನಲ್ಲಿ ಸಿಕ್ಕಿತು.
ಇದಕ್ಕೆ ಮುಖವೇ ಇಲ್ಲ."

ಇತ್ತು ಮುಖ. ಬಾಯಿ ಇತ್ತು, ನಾಲ್ಕು ಮೀಸೆ,
ಒಳಗಿನ ರಕ್ತ ಹೊರಗೇ ಕಾಣುವ ಚರ್ಮ,
ಹಸುಗೂಸಿನ ಕಿರುಬೆರಳಿನ ಬಣ್ಣ.
ಕಣ್ಣಿರಬೇಕಾದಲ್ಲಿ ಸಪಾಟು,
ಯಾರೋ ಗಾರೆ ಹಾಕಿ ನಯ ಮಾಡಿ ಹೋದ ಹಾಗೆ.

ಕನ್ನಡ ಡಿವಿಜನ್ನಿನ ಹನ್ನೊಂದು ಮಕ್ಕಳು ಮುತ್ತಿದರು.
"ನಿಮಗಾದರೆ ಹೆಸರಿನಲ್ಲಾದರೂ ಕುಂಞಿ ಕಣ್ಣುಂಟು,
ಇದಕ್ಕೆ ಅದೂ ಇಲ್ಲ" ಅಂದಳು ರಂಸೀನ. ಅವನು ನಕ್ಕ.
"ಕತ್ತಲಲ್ಲಿ ಇದ್ದು ಇದ್ದು ಸವೆದಿರಬೇಕು" ಅಂದ ಐವನ್.
ನಾನು ಪುಸ್ತಕ ತೆರೆಯುವ ಮೊದಲೇ
ಕುಂಞಿಕಣ್ಣ ಅಂಗೈ ತೆರೆದ,
ಪಿಕ್ಕಾಸು ಹಿಡಿದು ಹಿಡಿದು ಹಲಸಿನ ಸಿಪ್ಪೆಯಾದ ಅಂಗೈ.
"ನನ್ನ ಅಪ್ಪನದ್ದೂ ಹೀಗೆಯೇ ಇತ್ತು ಮೋನೇ.
ಆದರೆ ನಾನು ಹುಟ್ಟುವಾಗ ಬೆಣ್ಣೆಯಂಥ ಕೈ.
ಈ ಜಡ್ಡೆಲ್ಲ ನಾನೇ ಸಂಪಾದಿಸಿದ್ದು."

ಸವೆದದ್ದು ಪಿತ್ರಾರ್ಜಿತವಲ್ಲ.

ಮತ್ತೆ ಹೇಗೆ? ಸೀಮೆಸುಣ್ಣ ಕೆಳಗಿಟ್ಟೆ.
ಕಣ್ಣೆಂದರೆ ಹಗಲಿರುಳು ಉರಿಯುವ ದೀಪ,
ಎಣ್ಣೆ ಬರಬೇಕಾದದ್ದು ತಿಂದ ಅನ್ನದಿಂದಲೇ.
ಹೊಳೆಯಲ್ಲಿ ಆ ಖರ್ಚಿಗೆ ಲಾಭ ಉಂಟು,
ಕೊಕ್ಕರೆಯ ನೆರಳು ಮೊದಲೇ ಕಂಡೀತು.
ಯಾವುದೋ ಮಳೆಗಾಲ ಕಲ್ಲಿನ ಸಂದಿಗೆ ಇಳಿದ ಮೀನುಗಳಲ್ಲಿ
ನೋಡಿ ಬರೆಯುವಾಗ ಅಕ್ಷರ ತಪ್ಪುವಂತೆ
ಒಂದು ಮರಿಗೆ ಕಣ್ಣು ಚೂರು ಸಣ್ಣದಾಗಿ ಬಿತ್ತು.
ಹೊಳೆಯಲ್ಲಾದರೆ ಆ ತಪ್ಪನ್ನು ಕೊಕ್ಕರೆ ತಿದ್ದುತ್ತಿತ್ತು.
ಇಲ್ಲಿ ತಿದ್ದುವವರಿಲ್ಲ.
ಉಳಿದ ಎಣ್ಣೆ ಮೀಸೆಗಾಯಿತು, ಮೊಟ್ಟೆಗಾಯಿತು,
ಮೊಟ್ಟೆಯೊಳಗೆ ಮತ್ತೆ ಅದೇ ತಪ್ಪು,
ಕತ್ತಲಲ್ಲಿ ಅದೇ ಒಪ್ಪು.
ಸಾವಿರ ಮಳೆಗಾಲ ಸಾಲದು ಮಕ್ಕಳೇ, ಸಾವಿರದ ಸಾವಿರ.

ಪಾಠದಲ್ಲಿ ಇದಕ್ಕೆ ಆಯ್ಕೆ ಎಂದು ಹೆಸರು.
ಆಯುವ ಕೈ ಎಲ್ಲಿದೆ?
ಮೊರದಲ್ಲಿ ಅಕ್ಕಿ ಆಯುವ ಅಜ್ಜಿಯ ಉದಾಹರಣೆ
ಇಷ್ಟು ವರ್ಷ ಕೊಟ್ಟದ್ದು ತಪ್ಪಾಯಿತು,
ಜರಡಿಯನ್ನು ತೋರಿಸಬೇಕಿತ್ತು.
ಜರಡಿಗೆ ಕಲ್ಲು ಗೊತ್ತಿಲ್ಲ, ಅಕ್ಕಿ ಗೊತ್ತಿಲ್ಲ,
ಗೊತ್ತಿರುವುದು ತನ್ನ ತೂತು ಮಾತ್ರ.
ಅದೂ ಗೊತ್ತಿಲ್ಲ.

"ನಮ್ಮಲ್ಲೂ ಹಾಗೆಯೇ" ಅಂದ ಕುಂಞಿಕಣ್ಣ,
ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು.
"ಒಳಗೆ ಹೋಗುವಾಗ ಮೇಣದ ಬತ್ತಿ ಒಯ್ಯುತ್ತೇವೆ.
ನಂದಿತೋ, ಗಾಳಿ ಮುಗಿಯಿತೆಂದು ಲೆಕ್ಕ, ತಿರುಗಿ ಬರಬೇಕು.
ಇನ್ನೊಂದು ಗೇಣು ಕೊರೆದೇ ಬರುತ್ತೇನೆಂದ
ಧೈರ್ಯಸ್ಥರಿಗೆ ಮಕ್ಕಳಾಗಲಿಲ್ಲ ಟೀಚರೇ.
ಈ ಕಸುಬಿನಲ್ಲಿ ಉಳಿದವರೆಲ್ಲ ಪುಕ್ಕಲರ ಸಂತಾನ."

ಆ ಪುಕ್ಕಲು ರಕ್ತದಲ್ಲಿ ಬಂತೋ,
ಗಂಜಿ ಉಣ್ಣುವಾಗ ಅಪ್ಪ ಹೇಳಿ ಹೇಳಿ ಬಂತೋ,
ನನಗೆ ತಿಳಿಯದು.
ಎರಡೂ ಒಂದೇ ಅಲ್ಲ ಎಂದು ಬೋರ್ಡಿನ ಮೂಲೆಯಲ್ಲಿ ಬರೆದೆ.
ಗಂಟೆ ಹೊಡೆಯಿತು.

ಸಂಜೆ ಮೀನು ಬಿಡಲು ನಾನೂ ಹೋದೆ.
ಆಚೆ ಗುಡ್ಡದಲ್ಲಿ ಬೋರ್‌ವೆಲ್ ಲಾರಿಯ ಗರಗರ,
ಇವನ ಮಗನೇ ಅದರ ಡ್ರೈವರು.
ಬೆನ್ನು ಬಗ್ಗಿಸಿ ನಡೆದೆವು, ಕಾಲ್ಬೆರಳ ಸಂದಿಯಲ್ಲಿ
ಶೇಡಿಮಣ್ಣು ತಣ್ಣಗೆ.
ಬಾಟ್ಲಿ ಬಗ್ಗಿಸುವಾಗ ತೋಳು ತಾಗಿ ಬತ್ತಿ ನಂದಿತು.
"ಗಾಳಿ ಉಂಟು, ಹೆದರಬೇಡಿ, ಕೈ ತಾಗಿದ್ದು."
ಅವನು ಬೆಂಕಿಪೊಟ್ಟಣ ತಡಕುವಷ್ಟು ಹೊತ್ತು,
ಕೆಳಗೆ ಒಂದು ಸಣ್ಣ ಚಳಕ್,
ಅದು ಮನೆಗೆ ಹೋಯಿತು.
ನಾನು ನಿಂತೇ ಇದ್ದೆ, ಕಣ್ಣು ಪೂರ್ತಿ ತೆರೆದು,
ಯಾರಿಗೂ ಅಲ್ಲದ ಎಣ್ಣೆ ಸುಡುತ್ತ.