ಮಾಂಸದ ಮನೆಯಲ್ಲಿ ಸಿಗ್ನಲ್

ಅಡುಗೆಮನೆಯಲ್ಲಿ ಅರೆ ಗೆರೆ,
ಮಲಗುವ ಕೋಣೆಯಲ್ಲಿ ಅದೂ ಇಲ್ಲ.
ಸಿಗುವುದು ಯಾಡ್ಲುರ್‌ನಲ್ಲಿ ಮಾತ್ರ:
ಕುರಿಮಾಂಸ ಒಣಗಲೆಂದು ಹಲಗೆ ಹಲಗೆಯ ನಡುವೆ
ಬೆರಳಗಲ ಸಂದು ಬಿಟ್ಟು
ಗಾಳಿಗೆಂದೇ ಕಟ್ಟಿದ ಕೊಠಡಿ.
ಯಾವ ಗಾಳಿಗೆ ಎಂದು
ಅಜ್ಜ ಕಟ್ಟುವಾಗ ಹೇಳಿರಲಿಲ್ಲ.

ಹಾಗಾಗಿ ಮೇಲೆ ಮೂರು ತೊಡೆ, ಒಂದು ಪಕ್ಕೆ,
ಕೆಳಗೆ ಉಪ್ಪುಮೀನಿನ ಪೀಪಾಯಿಯ ಮೇಲೆ
ಬಂದರು ಕಚೇರಿ ಎಸೆಯಲಿದ್ದ ಲ್ಯಾಪ್‌ಟಾಪು,
ಅದರ ಮುಂದೆ ನಾನು,
ಕೈಗವಸಿನ ಬೆರಳ ತುದಿ ಕತ್ತರಿಸಿಕೊಂಡು.

ದೋಣಿಯ ಎಂಜಿನ್ ನೋಡುವ ರೋಗ್ವಿ,
ನಲವತ್ತು ದಾಟಿದರೂ ಹುಡುಗನೇ,
ಇದರ ಹೊಟ್ಟೆಯಲ್ಲಿದ್ದುದನ್ನೆಲ್ಲ ತೆಗೆದು ಹೊಸದು ತುಂಬಿ
"ಮಾಲನ್, ಯಂತ್ರ ಗಟ್ಟಿ ಇದೆ. ವೈಫೈಗೆ ಕೂಡಿಸುವ ತಂತ್ರಾಂಶ
ನೀನೇ ಆರಿಸಿಕೋ, ಇಳಿಸಿಕೊಂಡರಾಯ್ತು" ಎಂದ.
ಇಳಿಸಲು ನೆಟ್ ಬೇಕಲ್ಲೋ ಎಂದೆ.
ಕಿವಿ ಕೆರೆದುಕೊಂಡ.
ಹೊಳೆ ದಾಟಲು ದೋಣಿ ಬೇಕು, ದೋಣಿ ಆಚೆ ದಡದಲ್ಲಿ.
ಕೊನೆಗೆ ತೋರ್ಸ್‌ಹಾವ್ನ್‌ನಿಂದ
ಹೆಬ್ಬೆರಳುದ್ದದ ಪೆನ್‌ಡ್ರೈವಿನಲ್ಲಿ ಕೂತು
ಮೂವರು ಅಂಬಿಗರು ಬಂದಿಳಿದರು,
ಆಲೂಗಡ್ಡೆ ಮೂಟೆಗಳ ಜೊತೆ, ಟಿಕೆಟ್ಟಿಲ್ಲದೆ.

ಮೊದಲನೆಯವನದು ದೊಡ್ಡಸ್ತಿಕೆ.
ಬಣ್ಣದ ಗೆರೆ, ಒಂದು ಪ್ರಶ್ನೆಗೆ ನಾಲ್ಕು ಕಿಟಕಿ.
ಒಮ್ಮೆ ಕಂಡ ಜಾಲವನ್ನು ಮರೆಯುವ ಜಾತಿಯಲ್ಲ.
ರೋಗ್ವಿ ದೋಣಿಯಲ್ಲಿ ಕೂತು ಒಂದು ಸಲ ಪರೀಕ್ಷಿಸಿದ್ದೇ ಸಾಕಾಯ್ತು:
ಬುಧವಾರ ನಾಲ್ಕರ ದೋಣಿ ದಕ್ಕೆಗೆ ತಗುಲಿತೋ ಇಲ್ಲವೋ
ನನ್ನನ್ನು ಕೇಳದೆ ಅದರ ವೈಫೈಗೆ ನೆಗೆದ.
ನಾನು ಕಳಿಸುತ್ತಿದ್ದುದು ಇರುಳೆಲ್ಲ ಎಣಿಸಿದ
ಬಿರುಗಾಳಿ ಹಕ್ಕಿಗಳ ಲೆಕ್ಕ,
ಒಂದೊಂದರ ಕಾಲುಂಗುರದ ಅಂಕಿ, ತೂಕ ಗ್ರಾಮಿನಲ್ಲಿ.
ದೋಣಿ ಹೊರಟಿತು. ಅರ್ಧ ಹಕ್ಕಿಗಳು ಅದರೊಂದಿಗೆ ಹೋದವು,
ಇನ್ನರ್ಧ ಪರದೆಯ ಮೇಲೆ ಗಿರಗಿರ ಸುತ್ತುತ್ತ ಉಳಿದವು.
ಕೂಡಿಸಲಾಗುತ್ತಿದೆ, ಕೂಡಿಸಲಾಗುತ್ತಿದೆ, ಕತ್ತಲಾಗುವ ತನಕ.

ಎರಡನೆಯವ ಸಾಧು.
ಮಾಡಿದವರು ಎಂದೋ ಕೈಬಿಟ್ಟಿದ್ದಾರಂತೆ.
ಕೆಲಸ ಚೊಕ್ಕ. ಆದರೆ ಪ್ರತಿ ಬೆಳಗ್ಗೆ
ಗುಪ್ತಪದ ಮರೆತಿರುತ್ತಾನೆ, ಮನೆಯ ಹೆಸರನ್ನೂ.
ಅಪ್ಪನ ಕೊನೆಯ ಚಳಿಗಾಲ ಹಾಗೇ ಇತ್ತು.
ಅವನನ್ನು ಅಳಿಸಲು ನನಗೆ ಎರಡು ದಿನ ಹಿಡಿಯಿತು.

ಮೂರನೆಯವನಿಗೆ ಮುಖವೇ ಇಲ್ಲ.
ಕಪ್ಪು ಪರದೆ, ಮಿಟುಕುವ ಒಂದು ಗೀಟು.
ಎಲ್ಲವನ್ನೂ ನಾನೇ ಬರೆಯಬೇಕು; ಆಗದಿದ್ದರೆ
ಇಲ್ಲ ಎಂದು ಒಂದು ಸಾಲು,
ಯಾಕೆಂದು ಕೆಳಗೆ ಇನ್ನೊಂದು. ಅಷ್ಟೇ.
"ಇದು ಮುದು..." ಎನ್ನಲು ಹೋಗಿ ರೋಗ್ವಿ ಮಾತು ನುಂಗಿದ.

ಆ ಇಲ್ಲ ನಾನು ಕೇಳಿದ ದನಿ.
ಈ ದೋಣಿ ಬರುವ ಮುಂಚೆ, ಹನ್ನೆರಡು ಮಂದಿ ಹಿಡಿಯುವ ಮರದ ದೋಣಿಗೆ
ತುಮ್ಮಸ್ ಇದ್ದ. ಬೆಳಗ್ಗೆ ದಕ್ಕೆಯ ತುದಿಗೆ ನಡೆದು
ನೀರಿಗೆ ಉಗಿದು, ಉಗುಳು ಯಾವ ಕಡೆ ತೇಲಿತೆಂದು ನೋಡಿ
ಇಲ್ಲ ಎಂದರೆ ಆ ದಿನ ಯಾರಿಗೂ ಇಲ್ಲ,
ಪಾದ್ರಿಗೂ ಇಲ್ಲ, ಹೆರಿಗೆ ನೋವಿನ ನನ್ನ ಅಕ್ಕನಿಗೂ ಇಲ್ಲ.
ಮಗು ಇಲ್ಲೇ ಹುಟ್ಟಿತು, ಈ ಹಲಗೆಗಳಿಂದ ಹತ್ತು ಮಾರು ದೂರದಲ್ಲಿ.
ಅದೇ ಈಗ ಎಂಜಿನ್ ನೋಡುತ್ತದೆ.

ಮುಖವಿಲ್ಲದವನನ್ನೇ ಇಟ್ಟುಕೊಂಡೆ.
ಬರೆಯಬೇಕಾದ ಸಾಲುಗಳನ್ನು ಹಿಟ್ಟಿನ ಚೀಲದ ಕಾಗದಕ್ಕಿಳಿಸಿ
ಖಾಲಿ ಕೊಕ್ಕೆಯೊಂದಕ್ಕೆ ಸಿಕ್ಕಿಸಿದೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಇಲ್ಲ ಎಂದ.
ಆ ಹೆಸರಿನ ಜಾಲ ಇಲ್ಲಿಲ್ಲ, ಎಂದ.
ಹೌದಲ್ಲ, ಎದುರುಮನೆಯ ಸೋಫುಸ್
ರೂಟರ್ ಆರಿಸಿ ಮಲಗಿಬಿಟ್ಟಿದ್ದ!
ಹೋಗಿ ಕದ ತಟ್ಟಿದೆ. ಉದ್ದ ಚಡ್ಡಿಯಲ್ಲಿ ಬಂದು
ಹಕ್ಕಿಗಳೇನು ಬೆಳಗಿನ ತನಕ ಕಾಯವೇ ಎಂದು ಗೊಣಗಿ
ಗುಂಡಿ ಒತ್ತಿದ.

ಮರಳಿ ಬಂದರೆ ಎಂಟರ್ ಕೀಲಿಯ ಮೇಲೆ
ತೊಡೆಯಿಂದ ಬಿದ್ದ ಕೊಬ್ಬಿನ ಹನಿ.
ಒರೆಸಿ ಒತ್ತಿದೆ.
ಆದಾಗ ಅವನು ಏನೂ ಅನ್ನುವುದಿಲ್ಲ.
ಮುಂದಿನ ಸಾಲಿಗೆ ಇಳಿದು ಸುಮ್ಮನೆ ಮಿಟುಕಿದ.
ನಲವತ್ತೊಂದು ಹಕ್ಕಿ.