ನಾಲ್ಕನೇ ಕೋಣೆ

ಜನವರಿ ಇಪ್ಪತ್ತಾರು.
ಬಿರುನಾಣಿ ಶಾಲೆಯಲ್ಲಿ ಬಾವುಟ ಏರುವ ಹೊತ್ತಿಗೆ
ಚಾತ ಓಡಿಬಂದು, ಒಳಗೆ ಹೋದಳು, ಎಂದ.
ನಾನು ಪುಸ್ತಕ ತೆರೆದೆ.
ಕೋಣೆ ನಾಲ್ಕು. ಬಂದವರು: ಒಬ್ಬಳು.
ಊರು: ಖಾಲಿ ಬಿಟ್ಟೆ.
ಹೊರಡುವ ದಿನ: ಅದನ್ನೂ.

ನಿಜವಾಗಿ ಆಕೆ ಇರುವುದು ಕೋಣೆಯಲ್ಲಲ್ಲ.
ಅದರ ಜಗಲಿಯಿಂದ ಹತ್ತು ಮಾರಾಚೆ ಹಳೇ ಬಲಿಗೆ ಮರ,
ಮರಕ್ಕೊಂದು ಪೊಟರೆ, ಪೊಟರೆಯ ಬಾಯಿಗೆ
ಆಕೆ ಒಳಗಿನಿಂದ ತಾನೇ ಮೆತ್ತಿಕೊಂಡ ಗೋಡೆ,
ನಡುವೆ ಒಂದು ಸೀಳು,
ಸೀಳಿನಲ್ಲಿ ಆಗಾಗ ಒಂದು ಬಿಳಿ ಕಣ್ಣು.
ಮಂಗಟ್ಟೆ.

ಫೋನ್ ಬರುತ್ತದೆ,
ಪುಣೆಯಿಂದ, ಸೇಲಂನಿಂದ, ಒಮ್ಮೆ ಮಸ್ಕತ್ತಿನಿಂದ.
ಹಾಸಿಗೆಯಿಂದಲೇ ಬಾರಪೊಳೆ ಕಾಣುವುದು ನಾಲ್ಕರಿಂದ ತಾನೇ?
ಹೌದು.
ಖಾಲಿ ಇದೆಯೇ?
ಮೊದಲ ವರ್ಷ ನಾಲಿಗೆ ತಡವರಿಸುತ್ತಿತ್ತು, ಈಗ ಒಗ್ಗಿದೆ:
‘ಇಲ್ಲ ಸಾರ್, ಬಾಣಂತಿ ಇದ್ದಾಳೆ.’
ಆ ಕಡೆ ಗಳಿಗೆ ಹೊತ್ತು ಮೌನ.
ಆಮೇಲೆ ಹೆಚ್ಚಿನವರು
ತಾವೇ ದನಿ ತಗ್ಗಿಸುತ್ತಾರೆ.

ತೋಳುದ್ದದ ಲೆನ್ಸಿನವನೊಬ್ಬ ಬಂದಿದ್ದ, ಮೂರು ಪಟ್ಟು ಕೊಡುತ್ತೇನೆಂದ.
ದೇಚವ್ವ ಕಣಿಲೆ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.
‘ನಿಮ್ಮಮ್ಮ ನಿಮ್ಮನ್ನು ಹೆತ್ತಾಗ
ಕಿಟಕಿಯಲ್ಲಿ ಎಷ್ಟು ಜನ ನಿಂತಿದ್ದರು?’
ಅವನು ನಕ್ಕ. ಎರಡನೇ ಕೋಣೆಯಲ್ಲೇ ಉಳಿದ.
ಊಟ ಚೆನ್ನಾಗಿದೆ ಎಂದು ಬರೆದು ಹೋದ.

ಚಾತನ ಅಪ್ಪ ಇದೇ ಮರಕ್ಕೆ
ಬಿದಿರ ಗೂಟ ಹೊಡೆದು ಹತ್ತಿ ಮರಿ ಇಳಿಸಿದವನು.
ಗೂಟದ ತೂತುಗಳಲ್ಲಿ ಈಗ ಪಾಚಿ.
ಮಗ ಕೆಳಗೆ ಬಂಡೆಯ ಮೇಲೆ ಕೂತು, ಬೆಳಗಿನಿಂದ ಸಂಜೆತನಕ,
ಮಗಳ ಹಳೇ ನೋಟುಬುಕ್ಕಿನಲ್ಲಿ ಗುರುತು ಹಾಕುತ್ತಾನೆ:
ಹಣ್ಣಿಗೆ ಸೊನ್ನೆ, ಓತಿಗೆ ಗೆರೆ.
ಗುರುವಾರ ನಲವತ್ತೊಂದು ಸೊನ್ನೆ, ಒಂದು ಗೆರೆ.
ಅವನ ಸಂಬಳ ಒಂದು, ಎರಡು, ಮೂರನೇ ಕೋಣೆಗಳಿಂದ.
ಅವನಪ್ಪನ ಮಾತು ಅವನೇ ಎತ್ತುತ್ತಾನೆ,
ನಾವು ಎತ್ತುವುದಿಲ್ಲ.

ಕೊಡಗಿಗೆ ರೈಲಿಲ್ಲ.
ಅಡುಗೆಮನೆಯ ಬೊಳ್ಳಿ ರೈಲು ಕಂಡವಳೇ ಅಲ್ಲ, ಆದರೂ
ಗಂಡು ಹಕ್ಕಿ ಹೊಳೆ ದಾಟಿ ಬರುವ ರೆಕ್ಕೆಸದ್ದಿಗೆ
‘ಹನ್ನೊಂದರ ರೈಲು’ ಎನ್ನುತ್ತಾಳೆ, ಅನ್ನಕ್ಕೆ ಎಸರಿಡುತ್ತಾಳೆ.

ಮಾರ್ಚಿಯಲ್ಲಿ ಬ್ರಹ್ಮಗಿರಿಯ ಹುಲ್ಲಿಗೆ ಬೆಂಕಿ ಬಿತ್ತು.
ಎರಡು ದಿನ ಹೊಗೆ. ಎರಡು ದಿನ
ನೋಟುಬುಕ್ಕಿನ ಹಾಳೆ ಬಿಳಿ.
ಹನ್ನೊಂದಾಯಿತು, ಒಂದಾಯಿತು, ಎಸರು ಇಡಲು ಯಾರೋ ನೆನಪಿಸಬೇಕಾಯಿತು.
ಬೊಳ್ಳಿ ಅತ್ತಿಹಣ್ಣು ಆರಿಸಿ ತಂದು ಬುಡದಲ್ಲಿಟ್ಟಳು.
‘ಅಲ್ಲಿಂದ ಅವಳು ಹೇಗೆ ತಿಂತಾಳೆ?’ ಚಾತ ರೇಗಿದ.
‘ಗೊತ್ತು’ ಎಂದಳು. ತೆಗೆಯಲಿಲ್ಲ.
ಬ್ಯಾಂಕಿನ ಕಂತಿನ ಕಾಗದ ಅಂದೇ ಬಂದಿತ್ತು,
ನಾನು ಅದನ್ನು ಒಡೆಯದೆ
ಸೀಳನ್ನೇ ನೋಡುತ್ತಿದ್ದೆ.
ಕಣ್ಣು ಬಂತು. ಹೋಯಿತು.

ಮೂರನೇ ದಿನ ನಾಲ್ಕು ಗಂಟೆಗೆ ರೈಲು.
ಗರಿ ಸುಟ್ಟಿತ್ತು ಎಂದು ಬೊಳ್ಳಿ,
ಇಲ್ಲ, ಅದರ ಬಣ್ಣವೇ ಹಾಗೆ ಎಂದು ಚಾತ.
ಈ ಜಗಳ ಇನ್ನೂ ಮುಗಿದಿಲ್ಲ.

ಗೋಣಿಕೊಪ್ಪದ ಆಡಿಟರ್ ಕೇಳುತ್ತಾರೆ:
‘ನಾಲ್ಕು ತಿಂಗಳು ವರಮಾನ ಸೊನ್ನೆ, ಇದೇನಮ್ಮ?’
ಯಾವ ಸೊನ್ನೆ ತೋರಿಸಲಿ ಅವರಿಗೆ?
ಮರದಡಿ ಬಿದ್ದ ಬೀಜಗಳಲ್ಲಿ ರಾಮಪತ್ರೆ ಮೊಳೆತಿದೆ,
ಧೂಪ ಮೊಳೆತಿದೆ, ಹೆಸರು ಗೊತ್ತಿಲ್ಲದ್ದೂ ಒಂದು.
ಹಾಡಿಯ ಹೆಂಗಸರು ಅವನ್ನು ಚೀಲಕ್ಕೆ ಹಾಕಿ ಬೆಳೆಸುತ್ತಾರೆ,
ತೋಟದವರು ನೆರಳಿಗೆಂದು ಒಯ್ಯುತ್ತಾರೆ.
ಆ ದುಡ್ಡು ನಮ್ಮ ಪುಸ್ತಕಕ್ಕೆ ಬರುವುದಿಲ್ಲ.
ಬರಬಾರದು ಎಂದು ದೇಚವ್ವ.

ಹೂಮಳೆ ಬಿದ್ದು ಕಾಫಿ ಬೆಳ್ಳಗಾಗಿ, ಆ ಬಿಳುಪೂ ಉದುರಿ,
ಏಪ್ರಿಲ್ ಕೊನೆಗೆ ಒಂದು ಬೆಳಗ್ಗೆ ಗೋಡೆ ಒಡೆಯಿತು.
ಬಾಲದ ಗರಿಗಳೆಲ್ಲ ಮುರುಟಿದವಳು, ಹಾರುವುದನ್ನೇ ಮರೆತವಳ ಹಾಗೆ
ಕೊಂಬೆಯಿಂದ ಕೊಂಬೆಗೆ ಬಿದ್ದೆದ್ದು ಹೋದಳು.
ಹೊರಟ ದಿನ ಬರೆಯಲು ಪೆನ್ನೆತ್ತಿದೆ.
‘ತಡೀ ಅಕ್ಕ,’ ಎಂದ ಚಾತ.
ಪೊಟರೆಯೊಳಗಿನ ಮರಿ
ಮುರಿದ ಬಾಗಿಲನ್ನು
ತಾನೇ ಮತ್ತೆ ಮೆತ್ತಿಕೊಳ್ಳುತ್ತಿತ್ತು.

ಹೊಸ ಸಾಲು ಎಳೆದೆ.
ಕೋಣೆ ನಾಲ್ಕು. ಬಂದವರು: ಒಬ್ಬರು.
ಊರು:
ಈ ಸಲ ಖಾಲಿ ಬಿಡಲಿಲ್ಲ.
ಬಿರುನಾಣಿ.